ಮೈಲಿ ಹಾಕಿಸಿಕೊಂಡ ಸಸಿ

ಈ ಪಾಠಕ್ಕೆ ನಾನು ತೆತ್ತ ಬೆಲೆಯನ್ನು ಮೊದಲೇ ಹೇಳಿಬಿಡುತ್ತೇನೆ. ವ್ಯಾಪಾರದಲ್ಲಿ ಬೆಲೆಯನ್ನು ಕೊನೆಗೆ ಹೇಳುವವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದೇ ಅರ್ಥ. ಒಂದು ನೆರಳುಮನೆ ತುಂಬ ಇದ್ದ ತಂಬಾಕು ಸಸಿ ಹೋಯಿತು. ಮೀಸೆ ಚಿಗುರಿದಾಗಿನಿಂದ ಇದ್ದ ಎಲೆ ಅಡಿಕೆ ಚಟ ಹೋಯಿತು. ದಿನಾ ಸಂಜೆ ನನ್ನ ಗೇಟಿನ ಪಕ್ಕದ ಕಲ್ಲುಚಪ್ಪಡಿಯ ಮೇಲೆ ಬಂದು ಕೂರುತ್ತಿದ್ದ ಒಬ್ಬರು ಬರುವುದನ್ನು ನಿಲ್ಲಿಸಿದರು. ಮೊದಲಿನ ಎರಡನ್ನು ನಾನು ಈಗ ಲಾಭದ ಲೆಕ್ಕಕ್ಕೇ ಸೇರಿಸಿಕೊಂಡಿದ್ದೇನೆ. ಮೂರನೆಯದನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೋ ಗೊತ್ತಾಗಿಲ್ಲ.

ಇಷ್ಟಕ್ಕೂ ಕಾರಣ ಸಸಿಯ ಎಲೆಯ ಮೇಲೆ ಎದ್ದ ಎಳ್ಳುಕಾಳಿನಷ್ಟು ದೊಡ್ಡ ಒಂದು ಮಚ್ಚೆ.

ಹುಣಸೂರಿನಿಂದ ಹನಗೋಡಿಗೆ ಹೋಗುವ ದಾರಿಯಲ್ಲಿ ನನ್ನ ಸಸಿ ನರ್ಸರಿ ಇದೆ. ನಾನು ವಾಸ ಮಾಡುವುದೂ ಅಲ್ಲೇ, ಪಂಪ್‌ಸೆಟ್ ಮನೆಗೆ ಅಂಟಿಸಿಕೊಂಡು ಕಟ್ಟಿದ ಒಂದು ಕೋಣೆಯಲ್ಲಿ. ಜೀವನದಲ್ಲಿ ಎಷ್ಟೋ ವ್ಯಾಪಾರ ಕುದುರಿಸಿದೆ, ಮದುವೆಯದೊಂದು ಕುದುರಲಿಲ್ಲ. ಹಾಗಾಗಿ ಸಂಜೆಯ ಆ ಕಲ್ಲುಚಪ್ಪಡಿಯೇ ನನಗೆ ಮನೆ, ಅಲ್ಲಿ ಬಂದು ಕೂರುತ್ತಿದ್ದ ಹನಗೋಡಿನ ಅಣ್ಣನೇ ಮನೆಯವರು. ಸ್ವಂತ ಅಣ್ಣನಲ್ಲ. ಅರವತ್ತು ದಾಟಿದ ತಂಬಾಕು ಬೆಳೆಗಾರರು, ನನ್ನ ಸಸಿಯನ್ನು ನಂಬಿ ಮೊದಲು ಕೊಂಡವರು. ಅವರ ಮುಖದ ತುಂಬ ಸಿಡುಬಿನ ಕಲೆ. ಚಿಕ್ಕಂದಿನಲ್ಲಿ ಅಮ್ಮ ಎದ್ದು ಉಳಿದುಕೊಂಡವರು. ಎಲೆ, ಅಡಿಕೆ, ಸುಣ್ಣ, ಜೊತೆಗೆ ತಮ್ಮ ಹೊಲದ್ದೇ ಬಿಸಿಲಲ್ಲಿ ಒಣಗಿಸಿದ ಹೊಗೆಸೊಪ್ಪು, ಇವಿಷ್ಟನ್ನು ಒಂದು ಬಟ್ಟೆ ಚೀಲದಲ್ಲಿ ತರುತ್ತಿದ್ದರು. ಸೊಪ್ಪನ್ನು ಅಂಗೈಯಲ್ಲಿ ತಿಕ್ಕಿ ಬಾಯಿಗಿಟ್ಟುಕೊಂಡು, ಎದ್ದು ಒಳಗೆ ಹೋಗಿ, ಕರುವಿನ ಗಂಗೆದೊಗಲು ನೇವರಿಸುವ ಹಾಗೆ ಸಸಿಗಳ ತಲೆಯನ್ನು ಒಂದೊಂದಾಗಿ ಸವರಿಕೊಂಡು ಬರುತ್ತಿದ್ದರು. ನಾನೂ ಹಾಗೆಯೇ. ನನ್ನ ಆಳು ಹೆಂಗಸರೂ ಹಾಗೆಯೇ. ತಂಬಾಕು ಸೀಮೆಯಲ್ಲಿ ತಂಬಾಕು ಜಗಿಯುತ್ತ ತಂಬಾಕು ಸಸಿ ಮುಟ್ಟುವುದು ತಪ್ಪೆಂದು ಯಾರಿಗೆ ತಾನೇ ಹೊಳೆಯುತ್ತದೆ?

ಆ ಬೇಸಿಗೆ ಎರಡು ತಳಿ ಬೆಳೆಸಿದ್ದೆ. ಒಂದು ಎಲ್ಲರಿಗೂ ಬೇಕಾದ ಹಳೆಯ ತಳಿ, ಎಲೆ ತೂಕ ಬರುತ್ತದೆ, ಎಲೆ ಒಣಗಿಸುವ ಬ್ಯಾರನ್ನಿನಲ್ಲಿ ಹದ ಮಾಡಿದಾಗ ಬಣ್ಣ ಕೂರುತ್ತದೆ. ತಮ್ಮ ಇಡೀ ಹೊಲಕ್ಕೆ ಅದೇ ಬೇಕೆಂದು ಅಣ್ಣ ಮಾತು ಕೊಟ್ಟಿದ್ದರು. ಮಾತು ಎಂದರೆ ಬೇರೆ ಕಾಗದ ಇಲ್ಲ. ಎಲೆ ಅಡಿಕೆ ಕೊಟ್ಟು, ತೆಗೆದುಕೊಂಡರೆ ಮುಗಿಯಿತು. ಇನ್ನೊಂದು ನಂಜುರೋಗ ತಡೆಯುವ ಹೊಸ ತಳಿ. ಹುಣಸೂರಿನ ಸಂಶೋಧಕಿಯೊಬ್ಬರು ಹೇಳಿದರೆಂದು ಹಾಕಿದ್ದೆ. ಕೇಳುವವರೇ ಇರಲಿಲ್ಲ.

ಸಸಿ ಗೇಣುದ್ದ ಆಗುವ ಮೊದಲು ದೊಡ್ಡ ಎಲೆಗಳ ತುದಿ ಕತ್ತರಿಸುವುದು ನಮ್ಮ ಕ್ರಮ. ಹಾಗೆ ಮಾಡಿದರೆ ಕೆಳಗಿನ ಕುಳ್ಳ ಸಸಿಗೂ ಬೆಳಕು ಸಿಗುತ್ತದೆ, ಎಲ್ಲವೂ ಒಂದೇ ಎತ್ತರಕ್ಕೆ ಬರುತ್ತವೆ, ಕಾಂಡ ಗಟ್ಟಿಯಾಗುತ್ತದೆ. ಹೆಂಗಸರು ಒಂದು ಕಡೆಯಿಂದ ಕತ್ತರಿಸಿಕೊಂಡು ಹೋದರು. ಅದಾದ ಮೂರು ನಾಲ್ಕು ದಿನಕ್ಕೆ ಹೊಸ ತಳಿಯ ಕೆಳಗಿನ ಎಲೆಗಳಲ್ಲಿ ಕಂದು ಮಚ್ಚೆ ಎದ್ದವು. ಒಣಗಿದ, ಅಂಚು ಕಟ್ಟಿದ ಸಣ್ಣ ಮಚ್ಚೆ. ಪಕ್ಕದಲ್ಲೇ ಹಳೆಯ ತಳಿ ತೊಳೆದಿಟ್ಟ ಹಾಗೆ ಹಸಿರಾಗಿತ್ತು.

ಅಣ್ಣ ನೋಡಿ ನಕ್ಕರು. "ಏನ್ಲಾ, ನಿನ್ ಸಸಿ ಮುಕವೂ ನನ್ ಮುಕದಂಗೆ ಆಗೋಗದೆ! ಅಮ್ಮ ಬಂದವ್ಳೆ, ಬೇವಿನ್ ಸೊಪ್ಪು ಸಿಗಿಸ್ಬುಡು."

"ನಗ್‌ಬ್ಯಾಡಿ ಅಣ್ಣ. ಇವನ್ನೆಲ್ಲ ಕಿತ್ತು ಮಣ್ ಮಾಡ್ಬುಡ್ತೀನಿ. ನಿಮ್ಮವಕ್ಕೆ ಅಂಟೋ ಮುಂಚೆ."

"ಮಾಡು ಮಾಡು. ನನ್ ಸಸಿ ಉಳುಸ್ಕೊಡು, ಸಾಕು."

ನನ್ನದು ಕೊಳೆತ ಟೊಮೇಟೊ ಆರಿಸಿ ಎಸೆಯುವವನ ಲೆಕ್ಕ. ಕಣ್ಣಿಗೆ ಕೆಟ್ಟದ್ದು ಕೆಟ್ಟದ್ದು, ಕಣ್ಣಿಗೆ ಒಳ್ಳೆಯದು ಒಳ್ಳೆಯದು. ಆದರೂ ಬೀಜ ಹಾಕು ಎಂದವರಿಗೆ ತೋರಿಸಿ ಎರಡು ಮಾತು ಅಂದು ಬರೋಣವೆಂದು, ಮರುದಿನ ಒಂದು ಟ್ರೇ ಹಿಡಿದುಕೊಂಡು ಆ ಸಂಶೋಧಕಿ ಮೇಡಂ ಹತ್ತಿರ ಹೋದೆ.

ಅವರು ಎಲೆಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನನ್ನನ್ನು ನೋಡಿ, "ನಾಲಿಗೆ ತೋರಿಸಿ" ಅಂದರು.

"ನಾನು ಸಸಿ ತೋರ್ಸಾಕೆ ಬಂದಿದ್ದು ಮೇಡಂ."

"ಗೊತ್ತು. ಹೊಗೆಸೊಪ್ಪೂ ಹಾಕ್ತೀರಾ?"

"ಹುಣಸೂರಲ್ಲಿ ಇದ್ಕೊಂಡು ಹಾಕ್ದಿದ್ರೆ ಹೆಂಗೆ?"

"ನಿಮ್ಮ ನರ್ಸರಿಗೆ ರೋಗ ಬಂದಿರೋದು ಅಲ್ಲಿಂದಲೇ ಇರಬೇಕು" ಅಂದರು. ನಂಜುರೋಗದ ವೈರಸ್ಸು ಒಣಗಿದ ಸೊಪ್ಪಿನಲ್ಲೂ ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತದಂತೆ. ಸೊಪ್ಪು ತಿಕ್ಕಿದ ಕೈಯಿಂದ ಎಲೆಗೆ, ಒಂದು ಎಲೆ ಕತ್ತರಿಸಿದ ಬ್ಲೇಡಿನಿಂದ ಮುಂದಿನ ಎಲೆಗೆ ಅದು ಹೋಗುತ್ತದಂತೆ. ಆಮೇಲೆ ಅವರು ಹೇಳಿದ ಮಾತು ನನ್ನ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿತು.

"ಮಚ್ಚೆ ಬಂದಿರೋ ಸಸಿ ಸೋತಿಲ್ಲ, ಗೆದ್ದಿದೆ. ವೈರಸ್ಸು ಹೊಕ್ಕ ಜಾಗದ ಸುತ್ತ ಗಿಡ ತನ್ನ ಜೀವಕಣಗಳನ್ನ ತಾನೇ ಸಾಯಿಸಿಕೊಂಡಿದೆ. ಆ ಮಚ್ಚೆ ಒಳಗೆ ವೈರಸ್ಸು ಸಿಕ್ಕಿಹಾಕಿಕೊಂಡಿದೆ. ಅಷ್ಟೇ ಅಲ್ಲ, ಆ ಎಲೆಯಿಂದ ಕಾಂಡದ ಮೂಲಕ ಉಳಿದ ಎಲೆಗಳಿಗೆಲ್ಲ ಸುದ್ದಿ ಹೋಗಿರುತ್ತೆ. ಇನ್ನೊಂದು ವಾರ ಕಳೆದರೆ ಮೇಲಿನ ಎಲೆಗಳು ರೋಗ ಮುಟ್ಟದೇನೇ ಎಚ್ಚರ ಆಗಿರ್ತವೆ."

"ಸಿಡುಬು ಬರ್ದಿರ್ಲಿ ಅಂತ ಮಕ್ಕಳಿಗೆ ಮೈಲಿ ಹಾಕ್ಸಿದಂಗಾ?"

"ಹೆಚ್ಚು ಕಡಿಮೆ. ಆದರೆ ನಮ್ಮ ರಕ್ತದಲ್ಲಿ ತಿರುಗಾಡೋ ಕಾವಲು ಗಿಡಕ್ಕಿಲ್ಲ. ಅದರಲ್ಲಿ ಪ್ರತಿ ಎಲೆಯೂ ತನ್ನ ಬಾಗಿಲನ್ನ ತಾನೇ ಕಾಯಬೇಕು."

ಹಸಿರಾಗಿರುವ ಹಳೆಯ ತಳಿಯ ಬಗ್ಗೆ ಕೇಳಿದೆ. ಆ ತಳಿಗೆ ಮಚ್ಚೆ ಕಟ್ಟುವ ಶಕ್ತಿಯೇ ಇಲ್ಲವಂತೆ. ವೈರಸ್ಸು ಸದ್ದಿಲ್ಲದೆ ಮೈಯೆಲ್ಲ ಹರಡಿದ ಮೇಲೆ ಚಿಗುರಿನಲ್ಲಿ ಕಾಣಿಸಿಕೊಳ್ಳುತ್ತದಂತೆ. "ಕಾದು ನೋಡಿ" ಅಂದರು. "ಒಂದೇ ಬ್ಲೇಡಲ್ಲಿ ಕತ್ತರಿಸಿದ್ದರೆ ಅದೂ ಬಾಯಿ ಬಿಡುತ್ತೆ."

ಬೈಯಲು ಹೋದವನು ಬಾಯಿ ತೊಳೆದುಕೊಂಡು ಬಂದೆ. ದಾರಿಯಲ್ಲಿ ಸೋಪು, ಬ್ಲೇಡು, ಹಾಲು ತಂದೆ. ಹಾಲೇಕೆಂದರೆ, ಕೈಯನ್ನೂ ಬ್ಲೇಡನ್ನೂ ಹಾಲಿನಲ್ಲಿ ಅದ್ದುತ್ತಿದ್ದರೆ ಈ ವೈರಸ್ಸು ಅಂಟುವುದು ತಗ್ಗುತ್ತದೆ.

ಹೆಂಗಸರಿಗೆ ಹೇಳಿದೆ: ಎಲೆ ಅಡಿಕೆ ಚೀಲ ಗೇಟಿನಾಚೆ ಇಡಿ, ಸೋಪಿನಲ್ಲಿ ಕೈ ತೊಳೆದು ಒಳಗೆ ಬನ್ನಿ, ಸಂಜೆಯವರೆಗೆ ಬಾಯಿಗೆ ಹಾಕಬೇಡಿ. ಅವರ ಮುಂದಾಳಾಗಿದ್ದ ಅಕ್ಕ ಸೊಂಟದ ಮೇಲೆ ಕೈ ಇಟ್ಟುಕೊಂಡಳು.

"ಊಟ ಬುಡು ಅನ್ನು, ಬುಡ್ತೀವಿ. ಎಲಡಿಕೆ ಬುಡು ಅಂದ್ರೆ ಕೈ ಓಡದೆಂಗಣ್ಣ?"

"ಸಸಿ ಉಳೀಬೇಕಲ್ಲಕ್ಕ."

"ಇಷ್ಟ್ ವರ್ಸ ನಮ್ ಕೈಲೇ ಅಲ್ವಾ ಉಳ್ದಿದ್ದು? ಈಗ ಕೈಗೆ ಸೋಪಾ? ಬುಡಣ್ಣ, ಕೋಟೆ ತಾಲೂಕ್ ಕಡೆ ಸುಂಟಿ ಕೆಲ್ಸಕ್ಕೆ ಕರೀತಾವ್ರೆ. ಅಲ್ಲಿ ಬಾಯಿ ಮೂಸಿ ನೋಡಾಕಿಲ್ಲ."

ಆಳುಗಳೆಲ್ಲ ಅವಳ ಹಿಂದೆ ಹೊರಟರು. ಬೇರೆ ದಿನವಾಗಿದ್ದರೆ ಕೂಲಿಯಲ್ಲಿ ಚೌಕಾಸಿ ಮಾಡಿ ನಿಲ್ಲಿಸಿಕೊಳ್ಳುತ್ತಿದ್ದೆ. ಆದರೆ ಬಾಯಿಚಟವೊಂದು ಚೌಕಾಸಿಗೆ ಬಗ್ಗುವುದಿಲ್ಲ.

ಅದೇ ಸಂಜೆ ಅಣ್ಣ ಬಂದರು. ಚಪ್ಪಡಿಯ ಮೇಲೆ ಕೂತು ಚೀಲ ಬಿಚ್ಚಿದರು. ಎಲೆಯ ಬೆನ್ನಿಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮಡಿಸಿ, ನನ್ನ ಪಾಲನ್ನು ನನ್ನತ್ತ ಚಾಚಿದರು.

"ಬ್ಯಾಡ ಕಣಣ್ಣ."

"ಯಾಕ್ಲಾ, ಅಲ್ಲುನೋವಾ?"

"ಸಸಿಗೆ ಆಗಾಕಿಲ್ವಂತೆ."

"ಸಸಿಗೆ ಯಾರ್ಲಾ ಎಲಡಿಕೆ ಕೊಟ್ಟೋರು? ನಿಂಗೆ ಕೊಡ್ತಿರಾದು."

ವಿಷಯ ಹೇಳತೊಡಗಿದೆ. ಬೆಳಗಿನಿಂದ ಜಗಿಯದೆ ತಲೆ ಸಿಡಿಯುತ್ತಿತ್ತು, ಆಳುಗಳು ಹೋದ ಸಿಟ್ಟೂ ಇತ್ತು. ಮಾತು ಹಿಂದು ಮುಂದಾಯಿತು. "ಒಗೆಸೊಪ್ಪು ತಿಕ್ಕಿದ್ ಕೈಲಿ ಸಸಿ ಮುಟ್‌ಬಾರ್ದಂತೆ. ನಾಳೆಯಿಂದ ಸೋಪಲ್ಲಿ ಕೈ ತೊಳ್ಕೊಂಡು ಒಳೀಕೆ ಬನ್ನಿ ಅಣ್ಣ."

"ನನ್ ಕೈಗೆ ಏನಾಗದೆ?"

"ಕೈಲಿ ಮೈಲಿ, ಗಿಡಕ್ಕೆ..."

ಮುಂದಿನದನ್ನು ಅವರು ಕೇಳಲಿಲ್ಲ. ಎದ್ದು ನಿಂತಿದ್ದರು. "ಮೈಲಿಗೆ ಅಂದ್ಯಾ?"

"ಅಯ್ಯೋ, ಮೈಲಿ ಅಂದೆ ಅಣ್ಣ! ಅಮ್ಮ ಆಯ್ತದಲ್ಲ, ಆ ಮೈಲಿ!"

"ಮೈಲಿ ಅಂದ್ರೇನು ಅಂತ ಈ ಮುಕುಕ್ಕೆ ಏಳ್ಕೊಡ್ತೀಯಾ? ನನ್ ಕೈ ಎಲಡಿಕೆ ತಿಂದೇ ಮನುಸ ಆದೋನು ನೀನು. ಇವತ್ತು ಈ ಕೈ ಮೈಲಿಗೆ ಆಗೋಯ್ತು."

ಅವರು ಕೂಗಲಿಲ್ಲ. ಕೂಗಿದ್ದರೆ ನಾನೂ ಕೂಗಿ, ಅಲ್ಲಿಗೆ ಮುಗಿಯುತ್ತಿತ್ತು. ನನ್ನ ಪಾಲಿನ ಎಲೆಯ ಮಡಿಕೆಯನ್ನು ಚಪ್ಪಡಿಯ ಮೇಲಿಟ್ಟು ಹೋದರು. ಅದು ಅಲ್ಲೇ ಬಾಡಿತು, ಒಣಗಿತು. ಒಂದು ದಿನ ಗಾಳಿಗೆ ಹಾರಿಹೋಯಿತು. ನಾನಾಗಿ ತೆಗೆಯಲಿಲ್ಲ.

ಅಲ್ಲಿಂದ ಶುರುವಾದ ದಿನಗಳಲ್ಲಿ ನರ್ಸರಿಯಲ್ಲಿ ನನ್ನದು ಬಿಟ್ಟು ಇನ್ನೊಂದು ದನಿ ಇರಲಿಲ್ಲ. ಬೆಳಿಗ್ಗೆ ಎದ್ದು ಕೈ ತೊಳೆಯುವುದು, ನೀರು ಬಿಡುವುದು, ಕತ್ತರಿಸುವುದು, ಪ್ರತಿ ಟ್ರೇ ಮುಗಿದ ಮೇಲೆ ಬ್ಲೇಡನ್ನು ಹಾಲಿಗೆ ಅದ್ದುವುದು. ಸಂಜೆಯಾದರೆ ಅಭ್ಯಾಸಬಲದಿಂದ ಗೇಟಿನತ್ತ ಕಣ್ಣು ಹೋಗುತ್ತಿತ್ತು. ಬೈಕು ನಿಧಾನವಾದರೆ ಎದ್ದು ನಿಲ್ಲುತ್ತಿದ್ದೆ. ಗುಂಡಿ ತಪ್ಪಿಸಲು ನಿಧಾನ ಮಾಡಿದವರು ಮುಂದೆ ಹೋಗುತ್ತಿದ್ದರು. ಅಣ್ಣನಿಗೆ ಫೋನ್ ಮಾಡಿದರೆ ರಿಂಗ್ ಆಗಿ ಆಗಿ ನಿಲ್ಲುತ್ತಿತ್ತು.

ಒಬ್ಬನೇ ಇದ್ದರೆ ಬುದ್ಧಿ ಅಡ್ಡದಾರಿ ಹಿಡಿಯುತ್ತದೆ. ಗಿಡದೊಳಗೆ ಆ ಎಚ್ಚರ ಏಳಿಸುವ ವಸ್ತು ತಲೆನೋವಿನ ಮಾತ್ರೆಯ ದಾಯಾದಿ ಎಂದು ಮೇಡಂ ಬಾಯಿತಪ್ಪಿ ಹೇಳಿದ್ದರು. ಮಾತ್ರೆ ಹೊಡೆಯಲು ಮಾತ್ರ ಹೋಗಬೇಡಿ ಎಂದೂ ಹೇಳಿದ್ದರು. ನನಗೆ ಮೊದಲನೆಯದು ಕೇಳಿಸಿತ್ತು. ಮೆಡಿಕಲ್ ಅಂಗಡಿಯ ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ಹಳೆಯ ತಳಿಯ ಒಂದು ಸಾಲಿಗೆ ಹೊಡೆದೆ. ಎಲೆಯ ಅಂಚೆಲ್ಲ ಬೆಂಕಿ ತಾಗಿದಂತೆ ಸುಟ್ಟುಹೋಯಿತು. ಫೋನಿನಲ್ಲಿ ಮೇಡಂ ತಣ್ಣಗೆ ಕೇಳಿದರು: "ತಲೆನೋವು ಹೋಯ್ತಾ?"

ಆಮೇಲೆ ಧಗೆ ಬಂತು. ಮಳೆ ಬರುವ ಮುಂಚಿನ, ಉಸಿರು ಕಟ್ಟಿಸುವ ಧಗೆ. ಶೆಕೆ ಮಿತಿ ಮೀರಿದರೆ ಹೊಸ ತಳಿಯ ತಡೆಯುವ ಶಕ್ತಿ ಮಲಗಿಬಿಡುತ್ತದೆ ಎಂದು ಮೇಡಂ ಎಚ್ಚರಿಸಿದ್ದರು. ಹಾಗೆಯೇ ಆಯಿತು. ಬಿಸಿಲು ಬೀಳುವ ಪಡುವಣ ಬದಿಯ ಟ್ರೇಗಳಲ್ಲಿ ಮಚ್ಚೆ ಎಳ್ಳಾಗಿ ಉಳಿಯದೆ ನರ ಹಿಡಿದು ಕಾಂಡಕ್ಕಿಳಿಯಿತು, ಸುಳಿ ಒಣಗಿತು. ಅವನ್ನು ಎತ್ತಿ ಹೊರಗೆ ಹಾಕಿದೆ. ಉಳಿದವಕ್ಕೆ ಇನ್ನೊಂದು ಪದರ ನೆರಳುಬಲೆ ಕಟ್ಟಿದೆ, ಬದಿಯ ಪ್ಲಾಸ್ಟಿಕ್ ಬಿಚ್ಚಿ ಗಾಳಿಗೆ ದಾರಿ ಮಾಡಿದೆ, ಮಧ್ಯಾಹ್ನವೆಲ್ಲ ಮಂಜಿನಂತೆ ನೀರು ಹಾಯಿಸಿದೆ. ಬಲೆ ಕಟ್ಟುವಾಗ ಇನ್ನೊಂದು ತುದಿ ಹಿಡಿಯುವವರಿಲ್ಲದೆ ಕಂಬಕ್ಕೆ ಕಲ್ಲು ಕಟ್ಟಿಕೊಂಡೆ. ಕಲ್ಲಿಗೂ "ಇಡ್ಕಳಪ್ಪ" ಎಂದಿದ್ದು ನೆನಪಿದೆ.

ಆ ವಾರವೇ ಹಳೆಯ ತಳಿ ಬಾಯಿ ಬಿಟ್ಟಿತು. ಎಳೆಯ ಎಲೆಯನ್ನು ಬೆಳಕಿಗೆ ಹಿಡಿದರೆ ತಿಳಿಹಸಿರು, ದಟ್ಟಹಸಿರು ತೇಪೆ ತೇಪೆ. ಗೊತ್ತಿಲ್ಲದವರ ಕಣ್ಣಿಗೆ ಚೆಂದದ ಎಲೆಯೇ.

ಸಾಲಿಗ್ರಾಮದ ಕಡೆಯ ಒಬ್ಬ ಗಿರಾಕಿ ಅದೇ ಸಮಯಕ್ಕೆ ಬಂದ. ಬೇರೆಲ್ಲೂ ಸಸಿ ಸಿಕ್ಕಿರಲಿಲ್ಲ.

"ಎಲ್ಲಾ ನಾನೇ ಒಡ್ಕೊಂಡೋಯ್ತೀನಿ, ನೀನೇಳಿದ್ದೇ ರೇಟು" ಅಂದ.

"ಇವಕ್ಕೆ ನಂಜು ತಗುಲ್ಕೊಂಡದೆ ಕಣ್ರೀ."

"ಕಣ್ಗೆ ಚೆನ್ನಾಗವೆ. ನಾನೇ ಒಪ್ದೆ ಅಂದ್ಮೇಲೆ ನಿಂಗೇನಯ್ಯ?"

ಜನ್ಮದಲ್ಲಿ ನಾನು ಕೇಳಿದ ಬೆಲೆಯನ್ನು ಚೌಕಾಸಿಯಿಲ್ಲದೆ ಒಪ್ಪಿಕೊಂಡವನು ಅವನೊಬ್ಬನೇ. ಮಾತನ್ನು ಗಟ್ಟಿ ಮಾಡಲು ಜೇಬಿನಿಂದ ಎಲೆ ಅಡಿಕೆ ತೆಗೆದ. ಅವನ ಚಾಚಿದ ಕೈ ನೋಡುತ್ತ ನನಗೆ ಹೊಳೆದಿದ್ದು ಇದು: ಇದನ್ನು ಮಾರಿದರೆ ಅಣ್ಣನಿಗೆ ಅಂದ ಮಾತು ನೆಪವಾಗುತ್ತದೆ. ರೋಗ ನಿಜವಾಗಿದ್ದರೆ ತಾನೇ ಕೈ ತೊಳೆಯಿರಿ ಎಂದದ್ದು ನಿಜ? ಇಲ್ಲ ಅಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ತಲೆ ಸರಿಯಿಲ್ಲ ನಿಂಗೆ" ಎಂದು ಬೈಕು ಹತ್ತಿದ.

ಹಿತ್ತಲಿನಲ್ಲಿ ಗುಂಡಿ ತೋಡಿ ಹಳೆಯ ತಳಿಯನ್ನೆಲ್ಲ ಹಾಕಿ ಮುಚ್ಚಿದೆ. ಅಣ್ಣನ ಹೊಲದ ಪಾಲೂ ಅದರಲ್ಲೇ ಹೋಯಿತು. ಟ್ರೇ ಬೋರಲು ಹಾಕಿ ಬೆನ್ನು ತಟ್ಟಿದಾಗ ಸಸಿಗಳು ಬೇರಿನ ಮುದ್ದೆ ಸಮೇತ ಮೆತ್ತಗೆ ಬೀಳುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ನಂಜು ಹಿಡಿದ ಕೆಲವು ಎಲೆಗಳನ್ನು ಮಾತ್ರ ಉಳಿಸಿಕೊಂಡಿದ್ದೆ, ಪರೀಕ್ಷೆಗೆ. ಮೇಡಂ ಹೇಳಿಕೊಟ್ಟಂತೆ ಅವನ್ನು ನೀರಿನೊಂದಿಗೆ ಅರೆದೆ. ಹೊಸ ತಳಿಯಲ್ಲೇ ಮಚ್ಚೆ ಬಂದಿದ್ದ ಕೆಲವು ಸಸಿ, ಮಚ್ಚೆಯೇ ಕಾಣದ ಕೆಲವು ಸಸಿ, ಎರಡನ್ನೂ ಪಂಪ್‌ಸೆಟ್ ಮನೆಯ ಹಿಂದಿನ ತಂಪಿಗೆ ಬೇರೆಯಾಗಿ ಒಯ್ದೆ. ಎರಡರ ಮೇಲಿನ ಎಲೆಗಳಿಗೂ ಎಲೆಯ ಮೈ ತುಸು ಗೀಚಿ ರಸ ಒಳಗಿಳಿಯಲೆಂದು ನುಣುಪಾದ ಸಾಣೆಪುಡಿ ಉದುರಿಸಿ ರಸವನ್ನು ಹಗುರವಾಗಿ ಸವರಿದೆ, ನೀರಿನಲ್ಲಿ ತೊಳೆದೆ, ಕಾದೆ.

ರೋಗವನ್ನೇ ಕಾಣದ ಸಸಿಗಳಲ್ಲಿ ಎಳ್ಳುಗಾತ್ರದ ಮಚ್ಚೆ ಒತ್ತೊತ್ತಾಗಿ ಎದ್ದವು. ಮೊದಲೇ ಮಚ್ಚೆ ಕಂಡಿದ್ದ ಸಸಿಗಳ ಮೇಲಿನ ಎಲೆಗಳಲ್ಲಿ ಅಲ್ಲೊಂದು ಇಲ್ಲೊಂದು, ಅದೂ ಸೂಜಿಮೊನೆ ಊರಿದಷ್ಟೇ. ಆ ಎಲೆಗಳಿಗೆ ರೋಗ ಹಿಂದೆಂದೂ ಮುಟ್ಟಿರಲಿಲ್ಲ. ಕೆಳಗಿನ ಎಲೆ ಪಟ್ಟ ಪಾಡು ಮೇಲಿನ ಎಲೆಗೆ ನೆನಪಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಇಂಥದ್ದನ್ನು ಕಂಡರೆ ಯಾರಿಗಾದರೂ ತೋರಿಸಬೇಕಲ್ಲ? "ನೋಡಿ ಅಣ್ಣ, ನಿಮ್ ಮುಕದಂಗೇ" ಎನ್ನಬೇಕೆನಿಸಿತು. ಫೋನ್ ತೆಗೆದೆ. ರಿಂಗ್ ಆಗಿ ನಿಲ್ಲುವ ಸದ್ದನ್ನು ಆ ದಿನ ಕೇಳಲಾರೆ ಎನಿಸಿ ಮತ್ತೆ ಜೇಬಿಗಿಟ್ಟೆ. ಪರೀಕ್ಷೆಯ ಸಸಿಗಳನ್ನು ಸುಟ್ಟು ಕೈ ತೊಳೆದುಕೊಂಡೆ.

ಇನ್ನು ಮಚ್ಚೆಯ ಸಸಿ ಮಾರಬೇಕಿತ್ತು. ಗೂಡ್ಸ್ ಆಟೋದಲ್ಲಿ ಪಿರಿಯಾಪಟ್ಟಣಕ್ಕೆ ಒಯ್ದು ರಸ್ತೆಬದಿಯಲ್ಲಿ ನಿಂತೆ. ಬಂದವರು ಎಲೆ ತಿರುವಿ ನೋಡಿದರು. "ಸಸಿಗೆ ಚಿಬ್ಬು ಬಂದದಲ್ಲಪ್ಪ" ಎಂದು ಒಬ್ಬ, "ಬಂಗಾರದ್ ಚುಕ್ಕಿ ಅಂತ ಮಾರ್ತಿಯೇನೋ" ಎಂದು ಇನ್ನೊಬ್ಬ. ಇವು ಮೈಲಿ ಹಾಕಿಸಿಕೊಂಡ ಸಸಿ, ಹಸಿರಾಗಿದ್ದವನ್ನೇ ಮಣ್ಣು ಮಾಡಬೇಕಾಯಿತು ಎಂದು ಇದ್ದದ್ದನ್ನು ಇದ್ದ ಹಾಗೆ ವಿವರಿಸಿದೆ. ಸುಳ್ಳು ಹೇಳಿ ಮಾರುವಾಗ ಓಡುತ್ತಿದ್ದ ನಾಲಿಗೆ, ನಿಜ ಹೇಳಿ ಮಾರುವಾಗ ತೊದಲಿತು. ತುಂಬಿಕೊಂಡು ಹೋದ ಗಾಡಿ ತುಂಬಿಕೊಂಡೇ ಬಂತು.

ಮೊದಲ ಹದಮಳೆ ಬಿತ್ತು. ನಾಟಿಯ ದಿನ ಜಾರುತ್ತಿತ್ತು. ಇನ್ನು ಸ್ವಲ್ಪ ತಡವಾದರೆ ಈ ಸಸಿಗಳೂ ಬಲಿತು ಗುಂಡಿಗೇ ಹೋಗಬೇಕು. ಆಗ ಗೇಟಿನ ಮುಂದೆ ಒಂದು ಟ್ರ್ಯಾಕ್ಟರ್ ನಿಂತಿತು. ಇಳಿದವನು ಅಣ್ಣನ ಡ್ರೈವರ್.

"ಸೋಪ್ ಎಲ್ಲಿ ಮಡಗಿದ್ದೀಯಣ್ಣ?" ಎಂದು ಕೇಳಿದ.

"ಯಾಕೆ?"

"ಕೈ ತೊಳ್ದೇ ಮುಟ್ಬೇಕು ಅಂದವ್ರೆ ಯಜಮಾನ್ರು. ಮೈಲಿ ಆಕುಸ್ಕೊಂಡಿರೋ ಸಸಿ ಇದ್ರೆ ತುಂಬ್ಕೊಂಡ್ ಬಾ ಅಂದ್ರು. ಇಡೀ ಒಲಕ್ಕೆ ಅದೇ ಅಂತೆ."

ಆ ಪದ ಅವರ ಬಾಯಿಂದಲೇ ಬಂದಿತ್ತು. ಸೋಪು ತಂದು ಅವನ ಕೈಗಿಟ್ಟೆ. "ಅವರಿಗ್ಯಾರು ಏಳಿದ್ರು?"

"ಸಾಲಿಗ್ರಾಮ್‌ದೋನು ಊರೆಲ್ಲಾ ನಿನ್ನ ಉಚ್ಚ ಅಂತ ಬೈಕಂಡ್ ತಿರುಗ್ತಿದ್ದ. ಪಿರಿಯಾಪಟ್ಣದಲ್ಲಿ ನೀನ್ ಏಳಿದ್ದೂ ಊರ್‌ಗೆ ಬಂದಿತ್ತು. ಯಜಮಾನ್ರು ಕೇಳುಸ್ಕೊಂಡು, 'ಅಷ್ಟು ಸಸಿ ಮಣ್ ಮಾಡ್ದೋನು ಅಂಗಾರೆ ಸುಳ್ ಏಳಿಲ್ಲ' ಅಂದ್ರು."

"ಅವರು ಬರ್ಲಿಲ್ವಾ?"

ಡ್ರೈವರ್ ಕೈಗೆ ಸೋಪು ತಿಕ್ಕುತ್ತ ತಲೆ ಎತ್ತಲಿಲ್ಲ. "ಕರ್ದೆ. ಬರಾಕಿಲ್ಲ ಅಂದ್ರು."

ಮಚ್ಚೆಯೊಳಗೆ ವೈರಸ್ಸು ಇನ್ನೂ ಇರುತ್ತದೆ, ಹಳೆಯ ತಳಿಯ ಹೊಲ, ಮೆಣಸಿನ ಗಿಡ, ಟೊಮೇಟೊ ಯಾವುದರ ಹತ್ತಿರವೂ ನೆಡಬಾರದೆಂದು ಹೇಳಿ, ಟ್ರೇಗಳನ್ನು ನಾನೇ ಒಂದೊಂದಾಗಿ ಎತ್ತಿಕೊಟ್ಟೆ.

ಬಸ್ಸಿನಲ್ಲಿ ಹೋಗುವಾಗ ಆ ಹೊಲ ನೋಡುತ್ತಿದ್ದೆ. ಮೊದಮೊದಲು ದಾರಿಯ ಬೇರೆ ತಂಬಾಕು ಹೊಲಗಳಿಗಿಂತ ಒಂದು ಬೆರಳು ಕುಳ್ಳಗೇ ಇತ್ತು. ಕಾವಲಿಗೆ ಖರ್ಚು ಮಾಡಿದ ಗಿಡ ಬೆಳವಣಿಗೆಯಲ್ಲಿ ಹಿಂದೆ ಬೀಳುತ್ತದೆ, ಬಿಟ್ಟಿಯಾಗಿ ಯಾವ ಕಾವಲೂ ಬರುವುದಿಲ್ಲ. ಆಮೇಲೆ ಹೊಂದಿಕೊಂಡಿತು. ಹುಳದ ಕಾಟ ಎಲ್ಲರಿಗೂ ಆದಂತೆ ಅಲ್ಲೂ ಆಯಿತು, ಹುಳಕ್ಕೆ ಈ ಎಚ್ಚರ ಲೆಕ್ಕಕ್ಕಿಲ್ಲ. ನಂಜು ಮಾತ್ರ ಹತ್ತಲಿಲ್ಲ. ಒಮ್ಮೆ ಅಣ್ಣ ಬದುವಿನ ಮೇಲೆ ನಿಂತಿದ್ದರು. ಕಿಟಕಿಯಿಂದ ಕೈ ಎತ್ತಿದೆ. ಅವರೂ ಎತ್ತಿದರು. ಬಸ್ಸು ಮುಂದೆ ಹೋಯಿತು. ಚಪ್ಪಡಿಗೆ ಅವರು ಇವತ್ತಿನವರೆಗೂ ಬಂದಿಲ್ಲ. ರೋಗ ಅವರ ಕೈಯಿಂದ ಬಂತೋ, ಆಳುಗಳಿಂದ ಬಂತೋ, ನನ್ನದೇ ಕೈಯಿಂದಲೋ, ಅದನ್ನು ಹೇಳಬಲ್ಲವರು ಯಾರೂ ಇಲ್ಲ.

ನರ್ಸರಿ ಮಾಡುವವರಿಗೆ ನನ್ನ ಸಲಹೆ ಇಷ್ಟು. ಮಚ್ಚೆ ಕಂಡ ಕೂಡಲೇ ಕೀಳಬೇಡಿ. ಯಾವ ತಳಿ, ಎಂಥ ಮಚ್ಚೆ, ಹರಡುತ್ತಿದೆಯೋ ನಿಂತಿದೆಯೋ ತಿಳಿದವರಿಂದ ಕೇಳಿ. ಎಲ್ಲ ಮಚ್ಚೆಯೂ ಗೆಲುವಲ್ಲ. ಹಸಿರಾಗಿರುವುದನ್ನು ಬೆಳಕಿಗೆ ಹಿಡಿದು ನೋಡದೆ ನಂಬಬೇಡಿ. ಎರಡು ತಳಿಗೆ ಒಂದೇ ಬ್ಲೇಡು ಬೇಡ. ಧಗೆಯ ದಿನಗಳಲ್ಲಿ ನೆರಳು, ಗಾಳಿ, ನೀರು ನೋಡಿಕೊಳ್ಳಿ. ಮಾತ್ರೆಯನ್ನು ತಲೆನೋವಿಗೇ ಬಿಡಿ.

ಇನ್ನು ಸೋಪಿನ ವಿಷಯ. ಗೇಟಿಗೆ ಬೋರ್ಡು ಬರೆಸಬೇಡಿ, ಬಂದವರಿಗೆ ದೂರದಿಂದ ನಲ್ಲಿ ತೋರಿಸಬೇಡಿ. ಅವರು ಕೂರುವ ಜಾಗದಲ್ಲೇ ಒಂದು ಚೊಂಬು ನೀರು ಇಡಿ. ಅವರ ಎದುರಿಗೆ ಮೊದಲು ನಿಮ್ಮ ಕೈ ತೊಳೆಯಿರಿ. ಆಮೇಲೆ ಸೋಪನ್ನು ಅವರಿಗೆ ಕೊಡಿ, ಎಲೆ ಅಡಿಕೆ ಕೊಡುವ ಹಾಗೆ, ಎರಡೂ ಕೈಯಲ್ಲಿ.